ಹೆಸರಿಲ್ಲದ ಗಿಡ, ತಾಮ್ರದ ಹಂಡೆ

ಒಂದು ತಾಮ್ರದ ಹಂಡೆ, ಒಂದು ಹೆಸರಿಲ್ಲದ ಗಿಡ. ವ್ಯವಹಾರ ಇಷ್ಟೇ. ಮಾಮೂಲಿಗೆ ಒಂದು ಕೊಟ್ಟರೆ ಇನ್ನೊಂದು ಬರಬೇಕು. ಇಲ್ಲಿ ಹಾಗಲ್ಲ. ಗಿಡ ಒಯ್ಯುವವನೂ ಒಬ್ಬನೇ, ಹಂಡೆ ಒಯ್ಯುವವನೂ ಅವನೇ. ಎಷ್ಟೋ ಸಂತೆ ಸುತ್ತಿದ್ದೀನಿ, ಇಂಥ ವ್ಯವಹಾರ ಇನ್ನೊಂದು ಕಂಡಿಲ್ಲ. ನ್ಯಾಯವೋ ಮೋಸವೋ ಆಮೇಲೆ ನೀವೇ ಹೇಳಿ. ಈಗ ಹತ್ತಿರ ಬನ್ನಿ, ಕಾಲು ಮಡಚಿಕೊಂಡು ಕೂತ್ಕೊಳ್ಳಿ.

ಕೆಂಬಾಳ ಅಂತ ಒಂದು ಸೀಮೆ. ಅದಕ್ಕೊಬ್ಬ ರಾಜ. ರಾಜನ ಸುದ್ದಿ ನಮಗೆ ಬೇಡ, ಅವನು ಅರಮನೆಯಲ್ಲಿ ಸುಖವಾಗಿದ್ದ. ಅವನ ಪೇಟೆಬೀದಿಯ ಕೊನೇ ಮನೆಯಲ್ಲಿ ಸಂಕವ್ವ ಅಂತ ಒಬ್ಬಳಿದ್ದಳು. ಅವಳ ಗಂಡ ಕಡಲ ಕಡೆಯಿಂದ ಹೇರೆತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬರುವವನು. ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಬಂದಾಗ ಗೋಣಿಗಳನ್ನು ಹಿತ್ತಲಲ್ಲಿ ಕೊಡವುತ್ತಿದ್ದ. ಮತ್ತೆ ಹೊರಡುತ್ತಿದ್ದ.

ಒಂದು ಸಲ ಹಾಗೆ ಕೊಡವಿ ಹೋದ ಮೇಲೆ ಹಿತ್ತಲಲ್ಲಿ ಏನೋ ಮೊಳೆಯಿತು. ಬಚ್ಚಲ ನೀರು ಹರಿಯುವ ಕಾಲುವೆ ಪಕ್ಕ, ಬಸಳೆ ಚಪ್ಪರದ ಬುಡದಲ್ಲಿ. ಎಲೆ ದಪ್ಪ, ಅಂಚು ನೀಲಿ, ಬೆನ್ನ ಮೇಲೆ ಬೆಕ್ಕಿನ ಕಿವಿಯಂಥ ನುಣುಪು ರೋಮ.

ಸಂಕವ್ವ ಒಂದು ಎಲೆ ಕಿತ್ತು ಸೊಪ್ಪು ಮಾರುವವಳಿಗೆ ತೋರಿಸಿದಳು. "ಇದು ಯಾವ ಸೊಪ್ಪೂ ಅಲ್ಲ ಕಣಕ್ಕ. ಸಾರಿಗೆ ಹಾಕೀಯ ಮತ್ತೆ!" ಅಂದಳು ಅವಳು. ಹೂವು ಕಟ್ಟುವವನಿಗೆ ತೋರಿಸಿದಳು. "ಹೂವು ಬಿಟ್ಟಾಗ ಬಾ, ಎಲೆ ನೋಡಿ ಹೇಳೋಕೆ ನಾನೇನು ಮೇಕೆಯಾ?" ಅಂದ. ಸೂಲಗಿತ್ತಿ ಮಂಚಮ್ಮನಿಗೆ ತೋರಿಸಿದಳು. ಮಂಚಮ್ಮ ಬೆಳಕಿಗೆ ಹಿಡಿದು ನೋಡಿದಳು. "ನನಗೆ ಗೊತ್ತಿರೋ ಮದ್ದಲ್ಲ. ನನಗೆ ಗೊತ್ತಿರೋ ವಿಷವೂ ಅಲ್ಲ. ಬಾಯಿಗೆ ಹಾಕಬೇಡ, ಹಾಗೇ ಬಿಡು," ಅಂದಳು.

ಸಂಕವ್ವ ಹಾಗೇ ಬಿಡಲಿಲ್ಲ. ಸೀಗೆಕಾಯಿ ಬೆರೆತ ಬಚ್ಚಲ ನೀರು ಕುಡಿದು ಗಿಡ ಹಳದಿಯಾಯಿತು. ಕಾಲುವೆಯನ್ನೇ ಬೇರೆ ಕಡೆ ತಿರುಗಿಸಿದಳು. ಮಧ್ಯಾಹ್ನದ ಬಿಸಿಲಿಗೆ ಎಲೆ ಮುದುಡಿತು. ತೆಂಗಿನ ಗರಿ ಹೆಣೆದು ನೆರಳು ಕಟ್ಟಿದಳು. ಅಕ್ಕಿ ತೊಳೆದ ನೀರು ಹಾಕಿ ನೋಡಿದಳು. ಅದು ಹಿಡಿಸಿತು. ಗಿಡ ಎದ್ದು ನಿಂತಿತು, ತುದಿಯಲ್ಲಿ ಒಂದು ಮೊಗ್ಗೂ ಕಂಡಿತು.

ಅದೇ ಹೊತ್ತಿಗೆ ಮಗಳು ದೇವೀರಿ ಹೆರಿಗೆಗೆ ಅಂತ ತವರಿಗೆ ಬಂದಳು. ಚೊಚ್ಚಲ ಬಸುರಿ. ಸಂಕವ್ವ ಅಟ್ಟದಿಂದ ತಾಮ್ರದ ಹಂಡೆ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಬಚ್ಚಲ ಒಲೆಯ ಮೇಲೆ ಕೂರಿಸಿದಳು. ಅವಳ ಅವ್ವನ ಕಾಲದ ಹಂಡೆ ಅದು. ದೇವೀರಿ ಹುಟ್ಟಿದಾಗ ಬಾಣಂತಿಗೂ ಕೂಸಿಗೂ ನೀರು ಕಾಯಿಸಿದ್ದು ಅದರಲ್ಲೇ. ಅಂಥ ಹಂಡೆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಪಕ್ಕದ ಮನೆಯವನು ಗಂಧದ ಮುದ್ದಯ್ಯ. ಅತ್ತರು, ಧೂಪ, ತೈಲ ಮಾಡಿ ಅರಮನೆಗೆ ಕೊಡುವವನು. ಒಂದು ದಿನ ಗೋಡೆಯ ಮೇಲಿಂದ ಇಣುಕಿದ. ಇಣುಕಿದವನು ಬಾಗಿಲಿಗೇ ಬಂದ. ಗಿಡದ ಮುಂದೆ ಕೂತು, ಒಂದು ಎಲೆ ತಿಕ್ಕಿ ಮೂಸಿದ. ಇನ್ನೊಂದು ಸಲ ಮೂಸಿದ. ಆಮೇಲೆ ಮುಷ್ಟಿ ಮುಚ್ಚಿಕೊಂಡು ಎದ್ದು ನಿಂತ.

"ತಂಗಿ, ಇದನ್ನ ಯಾರು ನೆಟ್ಟರು?"

"ತಾನಾಗೇ ಬಂತಣ್ಣ. ಏನು ಗಿಡ ಇದು?"

"ಹೆಸರು ಬೇಡ. ಬಸುರಿ ಹೆಂಗಸು ಕೇಳಿಸ್ಕೋಬಾರದು." ದನಿ ಇಳಿಸಿದ. "ಇದು ಹೂವು ಬಿಟ್ಟ ದಿನ ಆ ಮನೇಲಿ ಹುಟ್ಟಿದ ಕೂಸು ಅಳಲ್ಲ."

ಸಂಕವ್ವನ ಕೈಯಲ್ಲಿದ್ದ ಅಕ್ಕಿ ನೀರಿನ ಪಾತ್ರೆ ಅಲ್ಲೇ ನಿಂತಿತು. "ಹಾಗಾದರೆ ಈಗಲೇ ಕಿತ್ತು ಹಾಕ್ತೀನಿ."

"ಅಯ್ಯೋ, ಮೊಗ್ಗು ಬಂದ ಮೇಲೆ ಮನೆಯವರು ಮುಟ್ಟಿದರೆ ಅದು ಅವರಿಗೇ ತಗಲುತ್ತೆ! ಬಲ್ಲವರು ತೆಗೀಬೇಕು."

ಅವತ್ತಿಂದ ಸಂಕವ್ವನಿಗೆ ಅನ್ನ ಇಳಿಯಲಿಲ್ಲ. ಬೆಳಗೆದ್ದರೆ ಮೊದಲು ಮೊಗ್ಗು ನೋಡುವಳು, ಆಮೇಲೆ ಮಗಳ ಹೊಟ್ಟೆ ನೋಡುವಳು. ಮೊಗ್ಗೂ ಉಬ್ಬುತ್ತಿತ್ತು, ದಿನ ತುಂಬಿ ಹೊಟ್ಟೆಯೂ ಇಳಿಯುತ್ತಿತ್ತು. ಯಾವುದು ಮೊದಲು? ನೀರು ಹಾಕದೆ ಬಿಟ್ಟರೆ ಒಣಗೀತು ಅಂತ ಬಿಟ್ಟಳು. ಎಲೆ ಬಾಡಿದ್ದು ಕಂಡು, ಒಣಗಿದ ಗಿಡದ ದೋಷ ಇನ್ನೂ ಕೆಟ್ಟದ್ದಾದರೆ ಅಂತ ಹೆದರಿ ಸಂಜೆ ತಾನೇ ನೀರು ಹೊಯ್ದಳು.

"ಏನವ್ವ, ದಿನಾ ಆ ಗಿಡದ ಮುಂದೆ ನಿಂತ್ಕೊಂಡು ಜಪ ಮಾಡ್ತೀಯ?" ಅಂತ ದೇವೀರಿ ನಕ್ಕರೆ, "ಸುಮ್ನೆ ಕೂತ್ಕೊಳ್ಳೇ," ಅಂತ ಗದರುವಳು.

ಮುದ್ದಯ್ಯ ಎರಡನೇ ಸಲ ಬಂದ. "ನೋಡಿದ್ಯಾ ತಂಗಿ, ನಿನ್ನ ಹಸು ಕೂಡ ಇದಕ್ಕೆ ಬಾಯಿ ಹಾಕಿಲ್ಲ." ಸಂಕವ್ವ ನೋಡಿದಳು. ನಿಜ, ಹಸು ಬಾಯಿ ಹಾಕಿರಲಿಲ್ಲ. ಹಸು ಕಟ್ಟಿದ್ದು ಹಿತ್ತಲ ಆ ತುದಿಯಲ್ಲಿ, ಹಗ್ಗ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಹೆದರಿದವಳಿಗೆ ಹಗ್ಗದ ಅಳತೆ ಎಲ್ಲಿ ನೆನಪಾಗಬೇಕು?

ಮೂರನೇ ಸಲ ಬಂದಾಗ ಮುದ್ದಯ್ಯ ಕೂತೇ ಮಾತಾಡಿದ. "ನಾನೇ ತೆಗೆದು ಒಯ್ತೀನಿ. ನನ್ನ ಜೀವಕ್ಕೂ ಅಪಾಯ, ಆದರೂ ನೆರೆಹೊರೆ ಅಂತ ಒಂದಿದೆಯಲ್ಲ. ದೋಷ ಹೊತ್ತವನಿಗೆ ತಾಮ್ರ ಕೊಡಬೇಕು, ಅದು ಪದ್ಧತಿ. ಆ ಹಂಡೆ ಕೊಟ್ಟುಬಿಡು, ಸಾಕು."

"ಹಂಡೆಯಾ? ಬಾಣಂತಿಗೆ ನೀರು ಕಾಯಿಸೋದು ಯಾತರಲ್ಲಣ್ಣ?"

"ಬಾಣಂತಿ ಇದ್ದರೆ ತಾನೇ ನೀರು!"

ಆ ಮಾತು ಕೇಳಿ ಸಂಕವ್ವ ಬಚ್ಚಲಿಗೆ ಹೋಗಿ ಹಂಡೆಯನ್ನೊಮ್ಮೆ ಮುಟ್ಟಿ ಬಂದಳು. ಗಂಡ ಘಟ್ಟದ ಆಚೆ ಇದ್ದಾನೆ, ಕೇಳಲು ಯಾರೂ ಇಲ್ಲ. ಒಪ್ಪಿಕೊಂಡಳು.

ಕೆಂಬಾಳ ಸೀಮೆಯ ಪೇಟೆಯಲ್ಲಿ ಒಂದು ಕಟ್ಟಳೆ ಇತ್ತು. ಸಣ್ಣದಿರಲಿ ದೊಡ್ಡದಿರಲಿ, ವ್ಯವಹಾರ ಆಗಬೇಕಾದರೆ ಪಟ್ಟಣಶೆಟ್ಟರು ಬಂದು ಕೂರಬೇಕು. ಪೇಟೆಯ ಜಗಳ ತೀರಿಸುವವರು ಅವರೇ. ಅವರ ಮುಂದೆ ವೀಳ್ಯದ ತಟ್ಟೆ ಇಡಬೇಕು. ಒಯ್ಯುವವನು ಸರಕಿನ ಗುಣವನ್ನು ಮೂರು ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಸರಕು ಕೈಗೆ ಬಂದ ಮೇಲೆ ವೀಳ್ಯ ಎತ್ತಬೇಕು. ಎತ್ತಿದರೆ ಮುಗಿಯಿತು. ಗುಣ ಸುಳ್ಳು ಹೇಳಿ ಸಿಕ್ಕಿಬಿದ್ದರೆ, ತಾನು ಏನು ಕೇಳಿದ್ದನೋ ಅದನ್ನೇ ಎದುರಿನವರಿಗೆ ತೆರಬೇಕು.

ಪಟ್ಟಣಶೆಟ್ಟರು ಬಂದರು. ಹಲ್ಲಿಲ್ಲದ ಮುದುಕರು. ಎಲೆಯಡಿಕೆಯನ್ನು ಪುಟ್ಟ ಒರಳಲ್ಲಿ ಕುಟ್ಟಿಕೊಂಡೇ ತಿನ್ನಬೇಕು. ಕುಟ್ಟುತ್ತಾ ಕೇಳಿದರು: "ಸರಕಿನ ಗುಣ ಏನಪ್ಪಾ?"

"ಇದು ಕೆಟ್ಟ ಗಿಡ. ಯಾತಕ್ಕೂ ಬಾರದ್ದು. ಮನೆಗೆ ಸಾವು ತರೋದು," ಅಂದ ಮುದ್ದಯ್ಯ. ಎರಡನೇ ಸಲ ಅಂದ. ಮೂರನೇ ಸಲ ಇನ್ನೂ ಗಟ್ಟಿಯಾಗಿ ಅಂದ.

ಸಂಕವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಮುದ್ದಯ್ಯ ಕೆಲಸಕ್ಕೆ ಇಳಿದ. ಬಿದಿರು ಬುಟ್ಟಿಯಲ್ಲಿ ಹದವಾದ ಮಣ್ಣು ತಂದಿದ್ದ. ಗಿಡದ ಸುತ್ತ ಒಂದು ಗೇಣು ಬಿಟ್ಟು ಕುರ್ಪಿ ಇಳಿಸಿದ. ಒಂದು ಬೇರೂ ಹರಿಯದ ಹಾಗೆ ಮಣ್ಣಿನ ಹೆಂಟೆ ಸಮೇತ ಎತ್ತಿದ. ಒದ್ದೆ ಗೋಣಿ ಸುತ್ತಿ ಬುಟ್ಟಿಯಲ್ಲಿ ಇಟ್ಟ. ಮೊಗ್ಗಿನ ಮೇಲಿದ್ದ ಇರುವೆಯನ್ನು ಊದಿ ಹಾರಿಸಿದ. ಬಿಸಿಲು ಬಿತ್ತು ಅಂತ ತನ್ನ ಹೆಗಲ ಮೇಲಿನ ಶಲ್ಯ ತೆಗೆದು ನೆರಳು ಹಿಡಿದ.

ಜಗಲಿಯಲ್ಲಿ ಕೂತಿದ್ದ ದೇವೀರಿ ಅಂದಳು: "ನನ್ನ ಗಂಡ ನನಗೂ ಇಷ್ಟು ನೆರಳು ಹಿಡಿದಿಲ್ಲ ಕಣವ್ವ!"

ಮಗಳು ಹೇಳಿದ್ದು ತಮಾಷೆಗೆ. ಆದರೆ ಸಂಕವ್ವ ಉಪ್ಪಿನ ವ್ಯಾಪಾರಿಯ ಹೆಂಡತಿ. 'ಛೀ, ಕೊಳಕು ಉಪ್ಪು' ಅನ್ನುತ್ತಲೇ ಚೀಲದ ಬಾಯಿ ಬಿಡದೆ ಹಿಡಿದುಕೊಳ್ಳುವ ಎಷ್ಟು ಗಿರಾಕಿಗಳನ್ನು ಕಂಡಿದ್ದಳೋ. ಸಾವು ಬಿಸಾಡುವವನು ಕತ್ತು ಹಿಡಿದು ಕೀಳುತ್ತಾನೆ, ಶಲ್ಯದ ನೆರಳು ಹಿಡಿಯುವುದಿಲ್ಲ. ಎರಡು ಸಲ ಮೂಸಿದ್ದು ನೆನಪಾಯಿತು. ಹಸುವಿನ ಹಗ್ಗವೂ ಈಗ ನೆನಪಾಯಿತು. ಆದರೂ ಇವನು ಹೇಳಿದ್ದು ನಿಜವೇ ಆಗಿದ್ದರೆ?

"ಮುದ್ದಯ್ಯಣ್ಣ, ವೀಳ್ಯ ಎತ್ತೋ ಮುಂಚೆ ಒಂದು ಮಾತು. ಅಷ್ಟು ಕೆಟ್ಟ ಗಿಡ ನೀನ್ಯಾಕೆ ಹೊರಬೇಕು? ಬಚ್ಚಲ ಒಲೆ ಉರೀತಿದೆ, ಇಲ್ಲೇ ಸುಟ್ಟುಬಿಡು. ಹಂಡೆ ತಗೊಂಡು ಹೋಗು."

"ಅಯ್ಯೋ, ಅದರ ಹೊಗೆ ಮನೆಗೆ ಆಗಲ್ಲ!"

"ಹಾಗಾದರೆ ಊರಾಚೆ ಸುಣ್ಣದ ಗೂಡಿಗೆ ಹಾಕೋಣ. ಶೆಟ್ಟರೂ ಬರ್ತಾರೆ, ನಾನೂ ಬರ್ತೀನಿ."

"ಬೂದಿ ಹಾರಿದರೆ ಊರಿಗೇ ಆಗಲ್ಲ ತಂಗಿ!"

"ಸರಿ. ಹಂಡೇಲಿ ನೀರು ಕುದೀತಿದೆ. ಹೇಗೂ ಹಂಡೆ ನಿನ್ನದೇ ಆಗೋದು. ಬೇರು ಸಮೇತ ಒಂದು ಸಲ ಮುಳುಗಿಸಿಬಿಡು. ಹೊಗೆ ಇಲ್ಲ, ಬೂದಿ ಇಲ್ಲ."

ಮುದ್ದಯ್ಯನ ಉತ್ತರಕ್ಕೆ ಸಂಕವ್ವ ಕಾಯಲಿಲ್ಲ. ಬುಟ್ಟಿ ಎತ್ತಿಕೊಂಡು ಬಚ್ಚಲ ಕಡೆ ನಡೆದಳು. ಮನೆಯವರು ಮುಟ್ಟಬಾರದು ಅಂದಿದ್ದನ್ನು ಮುಟ್ಟಿದ್ದಳು. ಹಂಡೆಯ ಬಾಯಿಯ ಮೇಲೆ ಬುಟ್ಟಿ ಹಿಡಿದಳು. ಹಬೆ ಎಲೆಗೆ ತಾಗಿತು.

"ಬೇಡಾ!" ಮುದ್ದಯ್ಯ ಕಿರುಚಿದ. "ಬುದ್ಧಿ ಇದೆಯೇನೇ ನಿನಗೆ? ಕಡಲಾಚೆಯಿಂದ ಬರೋ ಇದರ ಒಣಗಿದ ಮೊಗ್ಗಿಗೇ ನಾನು ಹಡಗಿನವರ ಕಾಲು ಹಿಡೀತೀನಿ! ಇದರ ತೈಲಕ್ಕೆ ರಾಣಿವಾಸದಲ್ಲಿ ಕಾಯ್ಕೊಂಡು ಕೂತಿರ್ತಾರೆ! ಜೀವಂತ ಗಿಡ ಕಣೇ ಅದು!"

ಶೆಟ್ಟರ ಒರಳಿನ ಸದ್ದು ನಿಂತಿತು.

"ಏನಪ್ಪಾ ಅಂದೆ? ನನಗೆ ಕಿವಿ ಸ್ವಲ್ಪ ಮಂದ," ಅಂದರು ಶೆಟ್ಟರು. "ಆದರೆ ಇದು ಚೆನ್ನಾಗಿ ಕೇಳಿಸ್ತು. ಮೂರು ಸಲ ಸಾವು ಅಂದೆ, ನಾಲ್ಕನೇ ಸಲ ತೈಲ ಅಂದೆ. ನೀನು ಕೇಳಿದ್ದು ಏನು? ಹಂಡೆ. ಹಾಗಾದರೆ ಹಂಡೆ ತಂದಿಡು. ಇದಕ್ಕಿಂತ ಚಿಕ್ಕದು ತಂದೀಯ, ಗೇಣು ಹಾಕಿ ಅಳೀತೀನಿ."

ಮುದ್ದಯ್ಯ ತನ್ನ ಮನೆಯ ಹಂಡೆ ಹೊತ್ತು ತಂದ. ಇಟ್ಟ. ಯಾರ ಮುಖವನ್ನೂ ನೋಡದೆ ಹೋದ.

ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿರಾ? ಸಂಕವ್ವನಿಗೆ ಮುಗಿದಿರಲಿಲ್ಲ. ಗಿಡವನ್ನು ಅದೇ ಗುಂಡಿಗೆ ಇಟ್ಟಳು. ಬೇರು ಕದಲಿದ ಗಿಡ ತಲೆ ಜೋತು ಹಾಕಿತು. ನೆರಳು ಕಟ್ಟಿದಳು, ಅಕ್ಕಿ ನೀರು ಹಾಕಿದಳು. ಬದುಕಲಿ ಅಂತಲೂ ಬೇಡಿಕೊಳ್ಳುವಳು, ಸದ್ಯಕ್ಕೆ ಹೂವು ಮಾತ್ರ ಬಿಡದಿರಲಿ ಅಂತಲೂ ಬೇಡಿಕೊಳ್ಳುವಳು. ಮೋಸಗಾರ ಹೇಳಿದ್ದೆಲ್ಲ ಸುಳ್ಳೇ ಇರಬೇಕೆಂದು ಏನಿದೆ? ಕಿವಿಗೆ ಬಿದ್ದ ಹೆದರಿಕೆ ಹಂಡೆ ತಂದಿಟ್ಟ ಮಾತ್ರಕ್ಕೆ ಇಳಿಯುವುದಿಲ್ಲ.

ಒಂದು ಬೆಳಗಿನ ಜಾವ ದೇವೀರಿಗೆ ನೋವು ಬಂತು. ಸಂಕವ್ವ ಮಂಚಮ್ಮನನ್ನು ಕರೆತಂದಳು. ನೀರಿಗೆಂದು ಹಿತ್ತಲಿಗೆ ಓಡಿದವಳು ಕಾಲು ಹೂತವಳಂತೆ ನಿಂತಳು.

ಮೊಗ್ಗು ಬಿರಿದಿತ್ತು.

ಒಳಗೆ ಮಗಳು ಕೂಗಿದಳು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಸದ್ದಿಲ್ಲ. ಸಂಕವ್ವ ಬಾಗಿಲಿಗೆ ಬಂದಳು. ಮಂಚಮ್ಮನ ಕೈಯಲ್ಲಿ ಕೂಸು ಇತ್ತು. ಕೂಸು ಅಳುತ್ತಿರಲಿಲ್ಲ.

"ಮಂಚಕ್ಕಾ..."

"ಬಾಯಿ ಮುಚ್ಚು," ಅಂದಳು ಮಂಚಮ್ಮ. ಕೂಸಿನ ಬಾಯಿಯೊಳಗೆ ಬೆರಳು ಹಾಕಿ ಲೋಳೆ ತೆಗೆದಳು. ಕಾಲು ಹಿಡಿದು ಎತ್ತಿದಳು. ಅಂಗಾಲಿಗೆ ಎರಡು ಬಿಗಿದಳು. ಕೂಸು ಒಂದು ಸಲ ಬಿಕ್ಕಿತು. ಆಮೇಲೆ ಅತ್ತಿತು ನೋಡಿ, ಪಕ್ಕದ ಮನೆಯ ಮುದ್ದಯ್ಯನಿಗೂ ಎಚ್ಚರವಾಗುವ ಹಾಗೆ!

ಸಂಕವ್ವ ಹೊಸಿಲ ಮೇಲೇ ಕೂತುಬಿಟ್ಟಳು. ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಹಿತ್ತಲಿನಿಂದ ಹೂವಿನ ವಾಸನೆ ಸಾಂಬ್ರಾಣಿ ಹೊಗೆಯನ್ನೂ ದಾಟಿ ಒಳಗೆ ಬಂತು. ಹೂವಿನದು ತಾಮ್ರದ ಬಣ್ಣ, ಬಾಯಿ ಕಿರಿದು, ಹೊಟ್ಟೆ ಅಗಲ. ಹೂವು ಕಟ್ಟುವವನು ಬಂದು ನೋಡಿ, "ಎಲೆ ನೋಡಿ ಹೇಳೋಕೆ ಆಗಲಿಲ್ಲ, ಹೂವು ನೋಡಿದರೂ ಗೊತ್ತಾಗ್ತಿಲ್ಲ," ಅಂದ. ದೇವೀರಿ ಮಲಗಿದಲ್ಲಿಂದಲೇ ಹೇಳಿದಳು: "ಹಂಡೆ ಹಾಗೇ ಇದೆಯಂತಲ್ಲ, ಹಂಡೆಹೂವು ಅನ್ನಿ." ಕೆಂಬಾಳದಲ್ಲಿ ಅದೇ ಹೆಸರು ನಿಂತಿತು.

ಇದರ ನೀತಿ ಇಷ್ಟು, ಕೇಳಿಸಿಕೊಳ್ಳಿ. ನಿಮ್ಮ ಸರಕನ್ನು ಯಾರಾದರೂ ಹಳಿದರೆ ಹೆದರುವ ಮುಂಚೆ ಅವನ ಕೈ ನೋಡಿ, ಅದನ್ನು ಹೇಗೆ ಎತ್ತುತ್ತಾನೆ ಅಂತ. ಗೊತ್ತಿಲ್ಲದ್ದನ್ನು ಕೆಟ್ಟದ್ದು ಅಂತ ಹೇಳಿಸಿಕೊಂಡು ಬಿಟ್ಟುಕೊಡಬೇಡಿ. ನೀರು ಹಾಕಿ, ಕಾದು, ನೋಡಿ ಆಮೇಲೆ ತೀರ್ಮಾನ ಮಾಡಿ.

ಕೊನೇ ಲೆಕ್ಕ ಹೀಗೆ. ಹೋದದ್ದು: ಶೆಟ್ಟರು ಕುಟ್ಟಿ ಮುಗಿಸಿದ ಒಂದು ತಟ್ಟೆ ಎಲೆಯಡಿಕೆ. ಬಂದದ್ದು: ಹೆಸರು ಬಂದ ಗಿಡ ಒಂದು. ಹಂಡೆ ಎರಡು, ಒಂದು ಬಾಣಂತಿಗೆ, ಇನ್ನೊಂದು ಕೂಸಿಗೆ. ಎರಡರಲ್ಲೂ ನೀರು ಕಾದಿತ್ತು.