ಕೆಂಗುಡ್ಡದ ಕೆಲಸ ಯಾರಿಗೆ?

"ಪ್ರಭುಗಳ ಶಾಸನವನ್ನು ನನ್ನಷ್ಟು ನಿಯತ್ತಿನಿಂದ ಪಾಲಿಸುವವನು ಈ ರಾಜ್ಯದಲ್ಲಿ ಇನ್ನೊಬ್ಬನಿಲ್ಲ!" ಎಂದು ಗಣಿಯ ಗುತ್ತಿಗೆದಾರ ಗಿರಿಯಣ್ಣ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ.

ಶಾಸನ ಇಷ್ಟೇ: ಕೆಲಸಕ್ಕೆ ಕರೆಯುವಾಗ ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂದು ಕೇಳಕೂಡದು. ಉಗ್ರಾಣ, ಲಾಯ, ಅಡುಗೆಮನೆ ಎಲ್ಲ ಕಡೆಯೂ ರಾಣಿಯ ತಮ್ಮಂದಿರೇ ತುಂಬಿಕೊಂಡ ಮೇಲೆ ಕಾಚರಾಯ ದೊರೆ ಇದನ್ನು ಕಲ್ಲಿನಲ್ಲಿ ಕೆತ್ತಿಸಿದ್ದ. ಒಳ್ಳೆಯ ಶಾಸನ. ರಾಣಿಯೊಬ್ಬಳನ್ನು ಬಿಟ್ಟು ಎಲ್ಲರೂ ಮೆಚ್ಚಿದ್ದರು.

ಈಗ ಅದು ಕೆಂಗುಡ್ಡದವರ ಕುತ್ತಿಗೆಗೆ ಬಂದಿತ್ತು. ಕುರಿ ಮೇಯಿಸಿಕೊಂಡು ತಮ್ಮ ಪಾಡಿಗೆ ತಾವಿದ್ದ ಜನ. ಅದಿರಿಗಾಗಿ ದೊರೆ ಗುಡ್ಡ ಕೇಳಿದಾಗ, "ಅಗೆಯಿರಿ, ಆದರೆ ಗಣಿ ಕೆಲಸ ಮೊದಲು ನಮ್ಮವರಿಗೆ" ಎಂದು ಒಪ್ಪಂದ ಮಾಡಿಕೊಂಡು ಕೊಟ್ಟಿದ್ದರು. ಹುಲ್ಲುಗಾವಲು ಹೋಯಿತು, ಕುರಿಗಳೂ ಹೋದವು. ಗಿರಿಯಣ್ಣ ಕಡಿಮೆ ಕೂಲಿಯ ಆಳುಗಳನ್ನು ದೂರದಿಂದ ಕರೆತಂದು ಗುಡ್ಡದವರನ್ನು ಮನೆಗೆ ಕಳಿಸಿದ.

ಗುಡ್ಡದ ಯಜಮಾನಿ ಮಾಳವ್ವ ಸಭೆಗೆ ಬಂದು ನಿಂತಳು. "ಕುರೀನೂ ಇಲ್ಲ, ಕೂಲೀನೂ ಇಲ್ಲ. ನಮ್ ಮಕ್ಳು ಏನ್ ತಿನ್ಬೇಕು ಬುದ್ಧೀ?"

"'ಮೊದಲು ನಮ್ಮವರಿಗೆ' ಅಂದರೆ ಹುಟ್ಟು ನೋಡಿದ ಹಾಗಲ್ಲವೇ ಪ್ರಭು?" ಗಿರಿಯಣ್ಣ ಕೈಮುಗಿದ. "ನನ್ನ ಕೈಯಲ್ಲಿ ಶಾಸನ ಮುರಿಯಲಾಗದು."

ದೊರೆ ಗಲ್ಲ ಕೆರೆದುಕೊಂಡ. ಕೊಟ್ಟ ಮಾತು ಒಂದು ಕಡೆ, ಕೆತ್ತಿಸಿದ ಕಲ್ಲು ಇನ್ನೊಂದು ಕಡೆ. ಶಾಸನ ಸಡಿಲಿಸಿದರೆ ರಾಣಿಯ ತಮ್ಮಂದಿರು ಸಂಜೆಯೊಳಗೆ ಉಗ್ರಾಣಕ್ಕೆ ವಾಪಸ್ಸು. ಅವನು ಆಸ್ಥಾನದ ಜಾಣ ಬೊಮ್ಮರಸನ ಮುಖ ನೋಡಿದ.

ಬೊಮ್ಮರಸ ಎದ್ದ. "ಮಾಳವ್ವ, ಗುಡ್ಡದಲ್ಲಿ ಹುಟ್ಟದವನು ನಿಮ್ಮವನಾಗುವ ದಾರಿಯೇ ಇಲ್ಲವೇ?"

"ಯಾಕಿಲ್ಲ ಸ್ವಾಮಿ? ಕುಂಬಾರ ಮಲ್ಲ ಎಲ್ಲಿಂದ್ಲೋ ಬಂದೋನು. ನಮ್ ಬಾವಿ ನೀರು ಕುಡ್ದು, ನಮ್ ಕಟ್ಟಲೆ ಒಪ್ಕಂಡು ಇರ್ತೀನಿ ಅಂದ. ಅವತ್ತಿಂದ ನಮ್ಮೋನೇ. ಗುಡ್ಡದಲ್ಲೇ ಹುಟ್ಟಿದ್ ನನ್ ತಮ್ಮ ಪ್ಯಾಟೆ ಸೇರ್ಕಂಡ. ಈಗ ಅವ್ನು ನೆಂಟ, ಅಷ್ಟೇಯ."

"ಕೇಳಿದಿರಾ ಪ್ರಭು? ಅಲ್ಲಿ ಹುಟ್ಟಿದವನು ಹೊರಗೆ, ಹೊರಗಿನಿಂದ ಬಂದವನು ಒಳಗೆ. ಇಲ್ಲಿ ಹುಟ್ಟು ಕೇಳಿದವರು ಯಾರು?"

ಗಿರಿಯಣ್ಣ ಬಿಡುವ ಆಸಾಮಿಯಲ್ಲ. "ಅಷ್ಟೇ ತಾನೇ? ನನ್ನ ಆಳುಗಳೂ ಒಂದೊಂದು ಗುಟುಕು ಕುಡಿಯುತ್ತಾರೆ. ಮೊದಲು ನಾನೇ ಕುಡಿಯುತ್ತೇನೆ, ತರಿಸಿ!"

ಬೊಮ್ಮರಸ ಕಾಯುತ್ತಿದ್ದದ್ದು ಇದಕ್ಕೇ. ಮಾಳವ್ವ ದಾರಿಗೆಂದು ತಂದಿದ್ದ ನೀರಿನ ಸೋರೆಬುರುಡೆಯನ್ನು ಇಸಕೊಂಡು ಬೆಳ್ಳಿ ಬಟ್ಟಲಿಗೆ ಬಗ್ಗಿಸಿದ. ಗಣಿ ಶುರುವಾದ ಮೇಲಿನ ಬಾವಿ ನೀರು. ಕೆಂಪಗೆ, ಅಂಬಲಿಯಷ್ಟು ಮಂದವಾಗಿ, ಅವಸರವಿಲ್ಲದೆ ಇಳಿಯಿತು.

ಗಿರಿಯಣ್ಣ ಬಟ್ಟಲನ್ನು ಮೂಗಿನವರೆಗೆ ತಂದು ನಿಲ್ಲಿಸಿದ. "ಇದನ್ನು ಮನುಷ್ಯರು ಕುಡಿಯುತ್ತಾರೆಯೇ?"

"ಕೆಂಗುಡ್ಡದವರು ದಿನವೂ ಕುಡಿಯುತ್ತಾರೆ," ಎಂದ ಬೊಮ್ಮರಸ. "ಅದಕ್ಕೇ ಕೆಲಸ ಮೊದಲು ಅವರಿಗೆ."

ಸಭೆಯಲ್ಲಿ ಯಾರೋ ಕೆಮ್ಮಿದರು. ಗಿರಿಯಣ್ಣ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

ದೊರೆಗೆ ಮೊದಲು ನಗು ಬಂತು. ಮಾಳವ್ವನ ಮುಖ ನೋಡಿದ ಮೇಲೆ ನಾಚಿಕೆಯಾಯಿತು. "ಒಪ್ಪಂದ ಇದ್ದಂತೆಯೇ ನಡೆಯಲಿ. ಗಿರಿಯಣ್ಣ ತನ್ನ ಖರ್ಚಿನಲ್ಲಿ ಅವರಿಗೆ ಹೊಸ ಬಾವಿ ತೋಡಿಸಲಿ," ಎಂದು ಅಪ್ಪಣೆ ಕೊಟ್ಟ. ಕೊರಳ ಹಾರ ತೆಗೆದು ಬೊಮ್ಮರಸನಿಗೆ ಹಾಕಿದ.

ಗಿರಿಯಣ್ಣನಿಗೆ ಇನ್ನೂ ಆಸೆ. "ಹೊಸ ಬಾವಿಯಲ್ಲಿ ತಿಳಿ ನೀರು ಬಂದ ಮೇಲೆ ನಾನೂ ಕುಡಿದು ಗುಡ್ಡದವನಾಗಬಹುದೇ?"

"ಧಾರಾಳವಾಗಿ," ಎಂದ ಬೊಮ್ಮರಸ. "ಬರುವಾಗ ಗುದ್ದಲಿ ತನ್ನಿ. ಗಣಿಗಿಳಿಯುವ ಕೆಲಸ ಮೊದಲು ನಿಮಗೇ."