ಇಪ್ಪತ್ತನೆಯ ಉಗುರು

ಮಾಳಪ್ಪನೆಂಬ ಕುರುಬನ ಹತ್ತಿರ ಇನ್ನೂರು ಕುರಿಗಳೂ ಒಂದು ನಾಯಿಯೂ ಇದ್ದವು. ದಾರಿಯಲ್ಲಿ ಸಿಕ್ಕವರೆಲ್ಲ ಅವನನ್ನು ಕೇಳುತ್ತಿದ್ದದ್ದು ನಾಯಿಯ ಕ್ಷೇಮಸಮಾಚಾರ ಮಾತ್ರ. ಕುರಿಗಳ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ನಾಯಿಯ ಹೆಸರು ಕೆಂಚ. ಅದರ ಹೆಚ್ಚುಗಾರಿಕೆ ಏನೆಂದರೆ ಅದಕ್ಕೆ ಇಪ್ಪತ್ತು ಉಗುರು. ಸಾಮಾನ್ಯವಾಗಿ ನಾಯಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು ಹದಿನೆಂಟು ಉಗುರು ಇರುತ್ತವೆ. ಕೆಂಚನ ಹಿಂಗಾಲುಗಳ ಒಳಮಗ್ಗುಲಲ್ಲಿ ಒಂದೊಂದು ಹೆಚ್ಚಿನ ಉಗುರಿತ್ತು. ಪಾದಕ್ಕಿಂತ ಸ್ವಲ್ಪ ಮೇಲೆ, ನೆಲಕ್ಕೆ ತಾಗದೆ, ಕೆಲಸವಿಲ್ಲದ ಅಳಿಯನ ಹಾಗೆ ಸುಮ್ಮನೆ ಜೋತುಬಿದ್ದಿರುವ ಉಗುರು. ಆದರೆ ಇಪ್ಪತ್ತು ಉಗುರಿನ ನಾಯಿ ಇರುವ ಹಿಂಡಿಗೆ ತೋಳದ ಭಯವಿಲ್ಲ ಎಂಬುದು ಆ ಕುರುಬರ ನಂಬಿಕೆ. ಎಣಿಸುತ್ತ ಹೋದರೆ ಕೊನೆಗೆ ಬರುವುದು ಬಲ ಹಿಂಗಾಲಿನದು. ಆದ್ದರಿಂದ ಅದೇ ಇಪ್ಪತ್ತನೆಯದು, ಅದೇ ದೇವರ ಉಗುರು.

ಮಾಳಪ್ಪ ಪ್ರತಿ ಅಮಾವಾಸ್ಯೆಯ ದಿನ ಉಣ್ಣೆಯ ದಾರಕ್ಕೆ ಅರಿಸಿನ ಹಚ್ಚಿ ಆ ಉಗುರಿಗೆ ಸುತ್ತಿ ಮೂರು ಗಂಟು ಹಾಕುತ್ತಿದ್ದ. ಕೆಂಚ ತೋಳವನ್ನು ಓಡಿಸಿದ ದಿನ ಇನ್ನೊಂದು ದಾರ. ಕಟ್ಟಿದ್ದನ್ನು ಬಿಚ್ಚುವ ಪದ್ಧತಿ ಇರಲಿಲ್ಲ. ಮೂರು ವರ್ಷದಲ್ಲಿ ಅದು ಬಳೆಯಷ್ಟು ದಪ್ಪವಾಗಿ, ಉಗುರು ಎಲ್ಲಿದೆಯೆಂದೇ ಕಾಣದಂತಾಯಿತು. ಬೇರೆ ಹಟ್ಟಿಯವರು ಬಂದು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಗ ಮಾಳಪ್ಪನ ಮೀಸೆ ನೋಡಬೇಕಿತ್ತು ನೀವು!

ಇದೇ ಮಾಳಪ್ಪ ಮಳೆಗಾಲ ಮುಗಿಯುತ್ತಲೇ ಒಂದೊಂದೇ ಕುರಿಯನ್ನು ಅಂಗಾತ ಕೆಡವಿ, ಎಂಟುನೂರು ಕಾಲನ್ನೂ ಹಿಡಿದು ನೋಡಿ, ಬೆಳೆದ ಗೊರಸನ್ನು ಸವರುತ್ತಿದ್ದ. ಒಂದು ಕುರಿ ಕುಂಟಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಕಥೆ ಕೇಳುವಾಗ ನಿಮಗೆ ಕೆಟ್ಟವನೆಂದೇ ಅನ್ನಿಸಬಹುದು.

ಅವನ ಹೆಂಡತಿ ಲಗಮವ್ವ ಒಂದೆರಡು ಸಲ ಹೇಳಿ ನೋಡಿದಳು.

"ಉಗುರು ಅಂದಮ್ಯಾಲ ಬೆಳೀತೈತಿ. ನೆಲಕ್ಕ ಹತ್ತೂದಿಲ್ಲ, ಸವೆಯೂದಿಲ್ಲ. ಒಮ್ಮಿ ದಾರ ಬಿಚ್ಚಿ ನೋಡಬಾರದೇನ್ರಿ?"

"ದೇವರ ಉಗುರಿಗೆ ಕತ್ತರಿ ಹಾಕಂತಿ ಏನು? ಬಾಯಿ ಮುಚ್ಚು" ಎಂದ ಮಾಳಪ್ಪ. ಅಲ್ಲಿಗೆ ಮಾತು ಮುಗಿಯಿತು.

ಹೀಗಿರುವಾಗ ಒಂದು ಅಮಾವಾಸ್ಯೆಯಂದು ವಿಶೇಷವೊಂದು ನಡೆಯಿತು. ಮಾಳಪ್ಪ ದಾರ ಸುತ್ತಿ ಗಂಟು ಬಿಗಿಯುತ್ತಿದ್ದಂತೆ ಕೆಂಚ ಮುಖ ಮೇಲೆತ್ತಿ ಊಳಿಟ್ಟಿತು. ಎರಡನೆಯ ಗಂಟಿಗೆ ಇನ್ನೂ ಜೋರಾಗಿ. ಮೂರನೆಯದಕ್ಕೆ ಮೈಯೆಲ್ಲ ಗಡಗಡ ನಡುಗಿತು. ಹಟ್ಟಿಯವರು ಬೆರಗಾಗಿ ನಿಂತರು. ಹಿರಿಯನಾದ ಜಕ್ಕಪ್ಪ ಕಾಕಾ ಕೈಯೆತ್ತಿ, "ದೇವರು ಮೈಮ್ಯಾಲ ಬಂದೈತಿ!" ಎಂದ. ಎಲ್ಲರೂ ಭಂಡಾರದ ಅರಿಸಿನ ಎರಚಿ ಅಡ್ಡಬಿದ್ದರು. ಮಾಳಪ್ಪನ ಕಣ್ಣಲ್ಲಿ ನೀರೇ ಬಂತು.

ಅದಾದ ಎಂಟನೆಯ ದಿನ, ಹಾಡುಹಗಲಲ್ಲಿ, ತೋಳ ಬಂತು.

ಹಿಂಡು ಹೊಳೆಯ ದಂಡೆಯಲ್ಲಿ ಮೇಯುತ್ತಿತ್ತು. ಲಗಮವ್ವ ಸಾಕಿದ ಒಂದು ಮರಿ ಹಿಂಡಿನ ಅಂಚಿನಲ್ಲಿ ಕುಣಿಯುತ್ತಿತ್ತು. ಹುಟ್ಟಿದ ದಿನವೇ ತಾಯಿ ಸತ್ತ ಮರಿ ಅದು. ಲಗಮವ್ವ ಆಡಿನ ಹಾಲಿನಲ್ಲಿ ಬೆರಳದ್ದಿ ಚೀಪಿಸಿ ಬದುಕಿಸಿದ್ದಳು. ಜಾಲಿ ಪೊದೆಯಿಂದ ತೋಳ ಹೊರಬಂದದ್ದನ್ನು ಮಾಳಪ್ಪ ಕಂಡ. ಅವನಿಗೆ ಹೆದರಿಕೆಯೇ ಆಗಲಿಲ್ಲ. ನಾಯಿ ಹತ್ತಿರದಲ್ಲೇ ಇತ್ತಲ್ಲ! "ಹಿಡಿ ಕೆಂಚಾ!" ಎಂದು ಕೂಗಿದ.

ಕೆಂಚ ಎದ್ದು ಹಾರಿತು. ಒಂದು ನೆಗೆತ, ಎರಡು, ಮೂರು, ನಾಲ್ಕು. ಆಮೇಲೆ ಅಲ್ಲೇ ಕುಳಿತುಬಿಟ್ಟಿತು.

ತೋಳ ಒಂದು ಕ್ಷಣ ನಿಂತು ನಾಯಿಯನ್ನು ನೋಡಿತು. ನಾಯಿ ತೋಳವನ್ನು ನೋಡಿತು. ತೋಳ ನಿಧಾನವಾಗಿ, ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ, ಮರಿಯ ಕುತ್ತಿಗೆ ಹಿಡಿದುಕೊಂಡು ಹೊರಟುಹೋಯಿತು.

ಮಾಳಪ್ಪನಿಗೆ ಸಿಡಿಲು ಬಡಿದಂತಾಯಿತು. ಕೈಯಲ್ಲಿದ್ದ ಕೋಲು ಜಾರಿ ಬಿದ್ದದ್ದೂ ಗೊತ್ತಾಗಲಿಲ್ಲ. ತೋಳ ಬಂದದ್ದು ಅವನಿಗೆ ಹೊಸದಲ್ಲ, ಮರಿ ಹೋದದ್ದೂ ಹೊಸದಲ್ಲ. ಕೆಂಚ ಕುಳಿತು ನೋಡಿದ್ದು! ಅದನ್ನು ಕಣ್ಣಾರೆ ಕಂಡರೂ ಅವನಿಗೆ ನಂಬಲಾಗಲಿಲ್ಲ. ಲಗಮವ್ವ ಬರಿಗಾಲಲ್ಲಿ ಪೊದೆಯವರೆಗೆ ಓಡಿ, ನೆಲದ ಮೇಲಿನ ರಕ್ತ ಕಂಡು ಅಲ್ಲೇ ಕುಸಿದಳು.

ಸಂಜೆಯೊಳಗೆ ಸುದ್ದಿ ಎಲ್ಲ ಹಟ್ಟಿಗೂ ಮುಟ್ಟಿತು. ಜಕ್ಕಪ್ಪ ಕಾಕಾ ಬಂದು ಕಂಬಳಿ ಹಾಸಿ ಕುಳಿತ.

"ತಮ್ಮಾ, ಉಂಡ ಮನಿಗೆ ಎರಡು ಬಗೀತು ನಿನ್ನ ನಾಯಿ. ತೋಳಕ್ಕ ದಾರಿ ಬಿಟ್ಟ ನಾಯಿಗೆ ಹಟ್ಟ್ಯಾಗ ಅಂಬಲಿ ಇಲ್ಲ. ಇದು ನಾ ಮಾಡಿದ ಮಾತಲ್ಲ, ಹಿರೇರ ಮಾತು."

"ಏನು ಮಾಡಲಿ ಕಾಕಾ?"

"ನಾಳೆ ಮುಂಜಾನೆ ಮೇವಿಗಂತ ಹೊಳಿ ದಾಟತೀವಲ್ಲ. ಅದನ್ನ ಈ ದಂಡ್ಯಾಗ ಬಿಟ್ಟುಬಿಡು. ಬಿಡೂಕಿಂತ ಮೊದಲ ಕಟ್ಟಿದ ಮರ್ಯಾದಿ ಕಿತ್ತುಕೋ. ಇಂಥಾ ನಾಯಿ ಕಾಲಾಗ ದೇವರ ದಾರ ಇರಬಾರದು."

ಮಾಳಪ್ಪ ತಲೆಯಾಡಿಸಿದ. ಅಂದು ಕೆಂಚನಿಗೆ ಅಂಬಲಿ ಹಾಕಲಿಲ್ಲ. ಕೆಂಚ ಕೇಳಲೂ ಇಲ್ಲ. ಒಂದು ಕಲ್ಲಿನ ಮರೆಯಲ್ಲಿ ಮಲಗಿ ತನ್ನ ಹಿಂಗಾಲನ್ನು ನೆಕ್ಕುತ್ತಿತ್ತು.

ಬೆಳಗಾಯಿತು. ಕುರಿಗಳನ್ನು ದಾಟಿಸಲು ದೋಣಿ ಬಂದು ನಿಂತಿತು. ಮಾಳಪ್ಪ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಹಿಡಿದು, "ಕೆಂಚಾ, ಬಾ ಇಲ್ಲಿ" ಎಂದು ಕರೆದ. ಕೆಂಚ ತಲೆ ತಗ್ಗಿಸಿ, ಬಾಲ ಮುದುಡಿ, ಹಿಂಭಾಗವನ್ನು ಎಳೆದುಕೊಳ್ಳುತ್ತ ಬಂತು.

"ನೋಡು, ತಪ್ಪು ಮಾಡಿದವರ ನಡಿಗಿ ಹಿಂಗ ಇರತೈತಿ" ಎಂದ ಮಾಳಪ್ಪ ದೋಣಿಯವನಿಗೆ.

ಅವನು ಬಲಗಾಲನ್ನು ಹಿಡಿದ. ಕೆಂಚ ಒಮ್ಮೆ ಕುಯ್‌ಗುಟ್ಟಿತು, ಕಚ್ಚಲಿಲ್ಲ. ಮೇಲಿನ ದಾರ ಕತ್ತರಿಸಿದ. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಂದೊಂದನ್ನು ಕತ್ತರಿಸುವಾಗಲೂ ಅವನ ಸಿಟ್ಟು ಏರುತ್ತಿತ್ತು. ಎಷ್ಟು ಸಲ ಕಟ್ಟಿದ್ದೆ, ಎಷ್ಟು ನಂಬಿದ್ದೆ! ಒಳಗೆ ಹೋದಂತೆ ಹಳದಿ ದಾರ ಕಪ್ಪಾಗಿತ್ತು. ಇನ್ನೂ ಒಳಗೆ ಹೋದಂತೆ ಒದ್ದೆಯಾಗಿತ್ತು. ಆಮೇಲೆ ವಾಸನೆ ಬಂತು. ಸತ್ತ ಕುರಿಯ ವಾಸನೆಯನ್ನು ಬಲ್ಲ ಮಾಳಪ್ಪ ಮುಖ ತಿರುಗಿಸಿದ.

ಕೊನೆಯ ದಾರ ಕೈಗೆ ಬರಲಿಲ್ಲ. ಅದು ಚರ್ಮದೊಳಗೆ ಹೂತುಹೋಗಿತ್ತು.

ಮಾಳಪ್ಪ ಬಗ್ಗಿ ನೋಡಿದ. ದೇವರ ಉಗುರು ಟಗರಿನ ಕೊಂಬಿನಂತೆ ಸುತ್ತಿಕೊಂಡು ಬೆಳೆದು, ತನ್ನ ತುದಿಯಿಂದ ಕಾಲಿನ ಮಾಂಸವನ್ನೇ ಚುಚ್ಚಿ ಒಳಹೊಕ್ಕಿತ್ತು. ಬುಡದಲ್ಲಿ ಅದು ಸೀಳಿಹೋಗಿತ್ತು. ಸುತ್ತಿದ ದಾರ ಯಾವುದೋ ಮುಳ್ಳಿಗೆ ಸಿಕ್ಕು ಮುರಿದದ್ದಿರಬೇಕು. ಸುತ್ತಲೂ ಕೀವು. ಕೀವಿನಲ್ಲಿ ಬಿಳಿಯ ಹುಳಗಳು ಮಿಸುಕುತ್ತಿದ್ದವು.

ಕತ್ತರಿ ಮಾಳಪ್ಪನ ಕೈಯಿಂದ ಬಿತ್ತು. ಈ ಕಾಲಿನಲ್ಲಿ ನಾಲ್ಕು ನೆಗೆತ! ಈ ಕಾಲಿನಲ್ಲಿ ಅದು ತೋಳದ ಕಡೆಗೆ ನಾಲ್ಕು ಸಲ ಹಾರಿತ್ತು!

ಕೆಂಚ ಕತ್ತು ಹೊರಳಿಸಿ ಮೊದಲು ಗಾಯವನ್ನು ನೆಕ್ಕಿತು. ಆಮೇಲೆ ಕಾಲು ಹಿಡಿದಿದ್ದ ಮಾಳಪ್ಪನ ಕೈಯನ್ನೂ ನೆಕ್ಕಿತು.

ಲಗಮವ್ವ ಓಡಿಬಂದಳು. ನೋಡಿದವಳೇ ಎದೆಗೆ ಕೈಯಿಟ್ಟುಕೊಂಡಳು. ನಂತರ ಕೆಂಚನ ಎಡ ಹಿಂಗಾಲನ್ನು ಎತ್ತಿ ಗಂಡನಿಗೆ ತೋರಿಸಿದಳು. ಅಲ್ಲಿಯ ಉಗುರು ಚಿಕ್ಕದಾಗಿ, ಚೊಕ್ಕಟವಾಗಿ ಇತ್ತು.

"ಇದಕ್ಕ ನೀವು ದಾರ ಕಟ್ಟಿರಲಿಲ್ಲ. ನೀವು ಇಲ್ಲದಾಗ ನಾನ ಕತ್ತರಿಸತಿದ್ದೆ. ಆ ಕಾಲು ಮುಟ್ಟಾಕ ನಿಮ್ಮ ಹೆದರಿಕಿ" ಎಂದಳು. ಹಾಗೆ ಹೇಳುತ್ತ ಅವಳೇ ಅತ್ತಳು.

ಮಾಳಪ್ಪ ದೋಣಿಯವನಿಗೆ ಕಾಯಲು ಹೇಳಿ, ಕೆಂಚನನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಲಗಮವ್ವನೂ ಜಕ್ಕಪ್ಪ ಕಾಕಾನೂ ಹಿಂದೆ ಬಂದರು. ಹತ್ತಿರದ ಊರಿನ ದನದ ದವಾಖಾನೆಯಲ್ಲಿ ಡಾಕ್ಟರ್ ಬಾಯಿ ಎಂದು ಜನ ಕರೆಯುವ ಒಬ್ಬ ಮಹಿಳಾ ಡಾಕ್ಟರ್ ಇದ್ದರು. ಎಷ್ಟೇ ಒಳ್ಳೆಯ ನಾಯಿಯಾದರೂ ನೋವಿನಲ್ಲಿ ಬಾಯಿ ಹಾಕೀತೆಂದು ಲಗಮವ್ವನ ಸೆರಗಿನ ತುಂಡಿನಿಂದ ಕೆಂಚನ ಮೂತಿ ಕಟ್ಟಿಸಿದರು. ಗಾಯವನ್ನು ತೊಳೆದರು. ತೊಳೆಯುತ್ತ ಅವರ ಮುಖ ಗಂಟಿಕ್ಕಿತು.

"ಯಾರು ಕಟ್ಟಿದ್ದು ಈ ದಾರ?"

"ನಾನ ರೀ."

"ಇಷ್ಟು ಬಿಗಿದ್ರ ಅದು ಒದರಿರಬೇಕಲ್ಲಪಾ?"

"ಒದರಿತ್ತು ರೀ" ಎಂದ ಮಾಳಪ್ಪ. "ದೇವರು ಬಂತು ಅಂದ್ವಿ ರೀ."

ಡಾಕ್ಟರ್ ಬಾಯಿ ಅವನನ್ನೊಮ್ಮೆ ನೋಡಿದರು. ಬಹಳ ವರ್ಷ ದನಕರುಗಳ ಗಾಯ ನೋಡಿದವರು ಅವರು. ಮತ್ತೆ ಬಗ್ಗಿ ಉಗುರಿನ ಬುಡವನ್ನು ಒತ್ತಿ ನೋಡಿದರು.

ಕೊನೆಗೆ, "ಬುಡ ಮುರಿದೈತಿ, ಕೀವು ಎಲುಬಿಗೆ ಇಳಿಯಾಕ ಹತ್ತೈತಿ. ಉಗುರು ಬುಡಸಮೇತ ತೆಗೀಬೇಕು. ಇಟ್ಟುಕೊಂಡ್ರ ಕಾಲು ಹೋಗತೈತಿ, ಜೀವಾನೂ ಹೋಗಬಹುದು" ಎಂದರು.

ಜಕ್ಕಪ್ಪ ಕಾಕಾ ಹೌಹಾರಿದ. "ಬುಡ ಬ್ಯಾಡ್ರಿ ಬಾಯಾರ, ತುದಿ ಅಷ್ಟ ಕತ್ತರಿಸ್ರಿ! ಇಪ್ಪತ್ತು ಹೋಗಿ ಹತ್ತೊಂಬತ್ತಾದ್ರ ಹಟ್ಟಿಗೆ ಕೇಡು. ತಮ್ಮಾ ಮಾಳಪ್ಪಾ, ಹತ್ತೊಂಬತ್ತು ಉಗುರಿನ ನಾಯಿನ ಯಾರರ ಕಂಡಾರೇನು?"

ಮಾಳಪ್ಪ ಮೇಜಿನ ಮೇಲೆ ಮಲಗಿದ್ದ ಕೆಂಚನನ್ನು ನೋಡಿದ. ಮೂತಿ ಕಟ್ಟಿದ್ದರೂ ಅದರ ಕಣ್ಣು ಅವನ ಮೇಲೆಯೇ ಇತ್ತು. ಮೂರು ವರ್ಷದ ಹೆಮ್ಮೆ ಅವನಿಗೂ ಇತ್ತು, ಸುಳ್ಳೇಕೆ ಹೇಳಬೇಕು? ನಾಳೆಯಿಂದ ದಾರಿಯಲ್ಲಿ ಯಾರೂ ಕೈಮುಗಿಯುವುದಿಲ್ಲ. ಹಿಂಡಿಗೆ ನಿಜವಾಗಿಯೂ ಕೇಡಾದರೆ? ಆ ಭಯವೂ ಇತ್ತು.

"ತೆಗೀರಿ ಬಾಯಾರ" ಎಂದ. "ಕಾಕಾ, ನನಗ ಉಗುರು ಬೇಕಾಗಿಲ್ಲ, ನಾಯಿ ಬೇಕು."

ಉಗುರು ಹೋಯಿತು. ಕಾಲು ಉಳಿಯಿತು. ಹಿಂಡು ಎರಡು ದಿನ ತಡವಾಗಿ ಹೊಳೆ ದಾಟಿತು, ಕೆಂಚ ಮಾಳಪ್ಪನ ತೊಡೆಯ ಮೇಲೆ ಕುಳಿತು ದಾಟಿತು. ಡಾಕ್ಟರ್ ಕೊಟ್ಟ ಮುಲಾಮನ್ನು ಲಗಮವ್ವ ದಿನವೂ ಹಚ್ಚಿದಳು. ವಾರ ಕಳೆಯುವುದರೊಳಗೆ ನಾಯಿ ನಾಲ್ಕೂ ಕಾಲೂರಿ ನಡೆಯಿತು. ಅದೇ ಹಳೆಯ ಕೆಂಚ! ಅಂಬಲಿಗೆ ಬಾಲ ಆಡಿಸಿತು, ಕುರಿಗಳನ್ನು ಗದರಿಸಿತು, ಮಾಳಪ್ಪನ ಮೈಮೇಲೆ ಹಾರಿತು. ತಾನು ನಾಯಿಗೆ ಮಾಡಿದ ತಪ್ಪನ್ನು ಅದು ಮರೆತಿದೆ ಎಂದುಕೊಂಡು ಮಾಳಪ್ಪ ಸಮಾಧಾನಪಟ್ಟ.

ಮತ್ತೆ ಅಮಾವಾಸ್ಯೆ ಬಂತು. ಮಾಳಪ್ಪ ಹಟ್ಟಿಯ ಕಂಬಕ್ಕೆ ಕಟ್ಟಲೆಂದು ಒಂದು ದಾರಕ್ಕೆ ಅರಿಸಿನ ಹಚ್ಚುತ್ತ ಕುಳಿತಿದ್ದ. ಪಕ್ಕದಲ್ಲಿ ಮಲಗಿದ್ದ ಕೆಂಚ ತಲೆಯೆತ್ತಿ ಹಳದಿ ದಾರವನ್ನು ನೋಡಿತು. ತಟ್ಟನೆ ಎದ್ದಿತು. ಕಿವಿ ಹಿಂದಕ್ಕೆ ಬಿತ್ತು, ಬಾಲ ಹೊಟ್ಟೆಯಡಿಗೆ ಹೋಯಿತು. ತೋಳಕ್ಕೆ ಹೆದರದ ನಾಯಿ ಒಂದೊಂದೇ ಹೆಜ್ಜೆ ಹಿಂದೆ ಸರಿದು ಲಗಮವ್ವನ ಬೆನ್ನ ಹಿಂದೆ ಅಡಗಿ ಗಡಗಡ ನಡುಗಿತು.

ಮಾಳಪ್ಪ ದಂಗಾಗಿ ಕುಳಿತ. ಹೊಳೆಯ ದಂಡೆಯಲ್ಲಿ ಬಿಟ್ಟುಹೋಗಲು ಕರೆದಾಗ ಬಳಿಗೆ ಬಂದ ನಾಯಿ ಇದು. ದಾರ ಕತ್ತರಿಸಿದ ಕೈಯನ್ನು ನೆಕ್ಕಿದ ನಾಯಿ. ಈಗ ತಾನು ಭಕ್ತಿಯಿಂದ ಹಿಡಿದ ದಾರವನ್ನು ಕಂಡು ನಡುಗುತ್ತಿದೆ. ಅದೇ ನಡುಕ! ದೇವರು ಬಂದಿದೆ ಎಂದು ತಾನು ಅಡ್ಡಬಿದ್ದದ್ದು ಇದೇ ನಡುಕಕ್ಕೆ.

ಅವನು ದಾರವನ್ನು ಒಲೆಗೆ ಹಾಕಿದ. ಅರಿಸಿನದ ಕೈಯನ್ನು ಮೂರು ಸಲ ತೊಳೆದ. ನೆಲದ ಮೇಲೆ ಕುಳಿತು ಬರಿಗೈ ಚಾಚಿದ. ಬಹಳ ಹೊತ್ತು ಚಾಚಿಯೇ ಕುಳಿತಿದ್ದ. ಕೊನೆಗೆ ಕೆಂಚ ಹೊರಬಂದು, ಆ ಕೈಯನ್ನು ಮೂಸಿ, ತನ್ನ ಪಾದವನ್ನು ಅದರಲ್ಲಿಟ್ಟಿತು. ಮಾಳಪ್ಪ ಒಂದೊಂದೇ ಉಗುರನ್ನು ಹಿಡಿದು ಬುಡ, ತುದಿ ನೋಡುತ್ತ ಹೋದ. ಹತ್ತೊಂಬತ್ತನ್ನೂ ನೋಡಿದ. ಇಪ್ಪತ್ತನೆಯದು ಇದ್ದ ಜಾಗದಲ್ಲಿ ಕೂದಲು ಇನ್ನೂ ಬಂದಿರಲಿಲ್ಲ. ಅಲ್ಲಿ ಅವನ ಬೆರಳು ಬಹಳ ಹೊತ್ತು ನಿಂತಿತು.

ನೀತಿ: ಕೈಮುಗಿದ ಮಾತ್ರಕ್ಕೆ ಆರೈಕೆ ಮಾಡಿದಂತಾಗುವುದಿಲ್ಲ. ನಿಮ್ಮನ್ನು ಕಾಯುವವರಿಗೆ ಮರ್ಯಾದೆಯ ದಾರ ಕಟ್ಟುವ ಮೊದಲು ಅವರ ಕಾಲು ನೋಡಿ. ಅವರು ಒಂದು ದಿನ ಕುಸಿದು ಕುಳಿತರೆ ಬಯ್ಯುವ ಮೊದಲು ಎಲ್ಲಿ ನೋವಿದೆ ಎಂದು ಕೇಳಿ. ಆ ನೋವು ನೀವೇ ಕಟ್ಟಿದ ಗಂಟಿನ ಕೆಳಗೆ ಇರಬಹುದು.