ಮಸಿಬೆರಳಿನ ಬೋದೋ

ಬೋದೋಗೆ ಒಂದು ಅಭ್ಯಾಸ. ಕೂತಲ್ಲಿ ನಿಂತಲ್ಲಿ ಹೆಬ್ಬೆರಳಿನಿಂದ ಏನಾದರೂ ಬರೆಯುತ್ತಿರುತ್ತಿದ್ದ. ತೊಡೆಯ ಮೇಲೆ, ಗೋಡೆಯ ಮೇಲೆ, ಅವ್ವ ಕಲಸಿಟ್ಟ ಹಿಟ್ಟಿನ ಮೇಲೂ. ಕಾರ್ಥೇಜಿನ ಹಡಗುಕಟ್ಟೆಯಲ್ಲಿ ಹಲಗೆಗಳಿಗೆ ಅಕ್ಷರ ಹಾಕುವುದೇ ಅವನ ಕೆಲಸ. ಯಾವ ಹಲಗೆ ಯಾವುದರ ಪಕ್ಕ ಕೂರಬೇಕೆಂದು ಅವನು ಮಸಿಯಲ್ಲಿ ಬರೆದುಬಿಟ್ಟರೆ ಬಡಗಿಗಳು ಕಣ್ಣುಮುಚ್ಚಿ ಜೋಡಿಸುತ್ತಿದ್ದರು.

ಆ ಬೆಳಿಗ್ಗೆ ಬೀದಿಯಲ್ಲಿ ಡಂಗುರ ಕೇಳಿಸಿತು.

"ಕೇಳಿರಪ್ಪೋ! ರೋಮಿನವರು ನಮ್ಮ ಕಡಲಿಗೆ ಇಳಿದಿದ್ದಾರೆ. ಬೇಹುಗಾರರು ನೋಡಿಕೊಂಡು ಬಂದದ್ದನ್ನು ಅರಸರು ಮೂರು ಒಗಟು ಮಾಡಿದ್ದಾರೆ. ಬಿಡಿಸಿದವನಿಗೆ ಹಡಗುಕಟ್ಟೆಯ ಯಜಮಾನಿಕೆ, ಮೇಲೆ ಬಾಯಿಬಿಟ್ಟು ಕೇಳಿದ್ದೊಂದು. ತಪ್ಪಿದವನ ತಲೆ ಅರಸರದು!"

"ಹೋಗಬೇಡ ಕಣೋ," ಎಂದಳು ಅವ್ವ. "ನಿಮ್ಮಪ್ಪ ಹೋದದ್ದು ಸಾಲದೇ?"

ಅಪ್ಪ ಮತ್ತಾನ್ ಹುಟ್ಟು ಹಾಕುತ್ತಿದ್ದ ಹಡಗು ಸಿಸಿಲಿಯ ದಂಡೆಯಲ್ಲಿ ಮರಳಿಗೆ ಸಿಕ್ಕಿಬಿದ್ದು ಎರಡು ವರ್ಷವಾಗಿತ್ತು. ಹಡಗೂ ಜನರೂ ರೋಮಿನವರ ಕೈಸೇರಿದ್ದರು.

"ಬಾಯಿಬಿಟ್ಟು ಕೇಳಿದ್ದೊಂದು ಅಂದರಲ್ಲವ್ವಾ. ಅಪ್ಪನನ್ನು ಬಿಡಿಸಿಕೊಡಿ ಅಂತ ಕೇಳ್ತೀನಿ."

"ಆ ಕುಂಟುಗಾಲಲ್ಲಿ ಇನ್ನೂ ಬದುಕಿದ್ದಾನೋ ಇಲ್ಲವೋ..."

ಬೋದೋ ಅರಮನೆಗೆ ಹೋದಾಗ ಅರಸ ಅದೋನಿಬಾಲ್ ಸಿಂಹಾಸನದಲ್ಲಿ ಕೂತಿರಲಿಲ್ಲ. ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದ. ನಡೆಯುತ್ತಲೇ ಮೊದಲ ಒಗಟು ಹೇಳಿದ:

"ನೀರಿಲ್ಲ, ಹಡಗಿಲ್ಲ. ನೂರು ಜನ ಮರಳಿನ ಮೇಲೆ ಕೂತು ಬೆಳಗಿನಿಂದ ಬೈಗಿನವರೆಗೆ ಹುಟ್ಟು ಹಾಕುತ್ತಾರೆ. ಕುಂಟನೊಬ್ಬ ಎದುರು ನಿಂತು ತಾಳ ಕೊಡುತ್ತಾನೆ. ಅವರು ಯಾರು?"

ಕಪ್ತಾನ ಸಫೋನ್ ನಕ್ಕ. "ಹುಚ್ಚರು, ಪ್ರಭು!" ಅವನನ್ನು ಎಳೆದೊಯ್ದರು. ಎಣ್ಣೆ ವ್ಯಾಪಾರಿ ಜೆರ್ಬಾಲ್, "ಮುಳುಗಿ ಸತ್ತವರ ದೆವ್ವಗಳು," ಎಂದ. ಅವನೂ ಹೋದ.

ಬೋದೋ ಮುಂದೆ ಬಂದಾಗ ಸರದಾರನೊಬ್ಬ ಕಿಚಾಯಿಸಿದ: "ಲೇ ಮಸಿಬೆರಳು, ಎಲ್ಲಿ ಕಡಿಯಬೇಕು ಅಂತ ಕುತ್ತಿಗೆಗೂ ಗುರುತು ಹಾಕಿಕೊಂಡು ಬಂದೆಯೇನೋ?"

ಕುಂಟ ಎಂಬ ಮಾತು ಕೇಳಿದಾಗಿನಿಂದ ಬೋದೋನ ಹೆಬ್ಬೆರಳು ತೊಡೆಯ ಮೇಲೆ ಅಪ್ಪನ ಹೆಸರನ್ನೇ ಬರೆಯುತ್ತಿತ್ತು. "ಅವರು ಕಲಿಯುವವರು, ಪ್ರಭು," ಎಂದ. "ಹಡಗು ಸಿದ್ಧವಾಗುವ ತನಕ ಕೈ ಪಳಗಿಸುತ್ತಿದ್ದಾರೆ. ನಾನೂ ಮೊದಲು ಒಡಕು ಹಲಗೆಯ ಮೇಲೇ ಅಕ್ಷರ ತಿದ್ದಿದ್ದು."

ಅರಸ ತಲೆಯಾಡಿಸಿ ಮತ್ತೆ ನಡೆದ. "ಹಾರದ ಹಕ್ಕಿ. ಮೈಯೆಲ್ಲ ಮರ, ಕೊಕ್ಕು ಮಾತ್ರ ಕಬ್ಬಿಣ. ಅದು ಕುಕ್ಕಿದರೆ ಕಡಲೇ ನೆಲವಾಗುತ್ತದೆ. ಏನದು?"

"ಹಡಗಿನಿಂದ ಹಡಗಿಗೆ ಹಾಕುವ ಸೇತುವೆ. ತುದಿಯ ಮೊಳೆ ನಮ್ಮ ಹಡಗನ್ನು ಕಚ್ಚಿ ಹಿಡಿದರೆ ಈಜು ಬಾರದವನೂ ನಡೆದೇ ಬಂದು ಕಾದಾಡುತ್ತಾನೆ. ಹಡಗಿನಿಂದ ಇಳಿಯಲು ನಮ್ಮ ಕಟ್ಟೆಯಲ್ಲಿ ಹಾಕುವ ಹಲಗೆಗೂ ಅಂಥದೇ ಮೊಳೆ ಇದೆ."

ಸಭೆಯಲ್ಲಿ ಗುಸುಗುಸು ಎದ್ದಿತು.

"ಕೊನೆಯದು. ನೇಗಿಲು ಬಿಟ್ಟರೆ ಬೇರೇನೂ ಅರಿಯದವರಿಗೆ ಹಡಗು ಕಟ್ಟಲು ಒಬ್ಬ ಗುರು ಕಲಿಸಿದ. ಅವನು ಸತ್ತು ಮರಳಲ್ಲಿ ಬಿದ್ದಿದ್ದ. ಬಾಯಿಲ್ಲದವನು ಹೇಗೆ ಕಲಿಸಿದ?"

ತೊಡೆಯ ಮೇಲೆ ಆಡುತ್ತಿದ್ದ ಬೋದೋನ ಹೆಬ್ಬೆರಳು ನಿಂತಿತು.

"ಗುರು ಅಂದರೆ ಮರಳಿಗೆ ಸಿಕ್ಕ ನಮ್ಮ ಹಡಗು," ಎಂದ ಮೆಲ್ಲಗೆ. "ರೋಮಿನವರು ಬಿಚ್ಚಿದ ಹಲಗೆಯೊಂದೊಂದೂ ತನ್ನ ಜಾಗ ತಾನೇ ಹೇಳಿತು. ಅದರ ಮೇಲೆ ಅಕ್ಷರಗಳಿದ್ದವು."

"ಯಾರ ಅಕ್ಷರ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನನ್ನವು, ಪ್ರಭು."

ತಲೆ ಕಡಿಯಲು ನಿಂತಿದ್ದ ಕಟುಕ ಒಂದು ಹೆಜ್ಜೆ ಮುಂದಿಟ್ಟ. ಅರಸ ಕೈಯೆತ್ತಿ ತಡೆದು, ತನ್ನ ಉಂಗುರವನ್ನೇ ಕಳಚಿ ಬೋದೋನ ಮಸಿಬೆರಳಿಗೆ ತೊಡಿಸಿದ. "ಮೂರೂ ಸರಿ. ಹಡಗುಕಟ್ಟೆ ನಿನ್ನದು. ಇನ್ನು ಮೇಲೆ ಒಂದು ಹಲಗೆಗೂ ಅಕ್ಷರ ಬೇಡ. ಈಗ ಕೇಳು, ಏನು ಬೇಕು?"

ಬೋದೋ ಮೊಣಕಾಲೂರಿದ.

"ಮರಳಿನ ಮೇಲೆ ತಾಳ ಕೊಡುವ ಆ ಕುಂಟ ನನ್ನಪ್ಪ ಇರಬೇಕು, ಪ್ರಭು. ಶತ್ರುವಿಗೆ ನಾನು ಗೊತ್ತಿಲ್ಲದೆ ಕಲಿಸಿದೆ. ಅಪ್ಪ ಸೆರೆಯಲ್ಲಿ ವಿಧಿಯಿಲ್ಲದೆ ಕಲಿಸುತ್ತಿದ್ದಾನೆ. ನನ್ನನ್ನು ಉಳಿಸಿದಿರಿ. ನಿಮ್ಮ ಸೆರೆಮನೆಯಲ್ಲಿರುವ ರೋಮಿನವನೊಬ್ಬನನ್ನು ಬಿಟ್ಟುಕೊಟ್ಟು ಅಪ್ಪನನ್ನೂ ಕರೆಸಿಕೊಡಿ."

ಅರಸ ಕಿಟಕಿಯವರೆಗೆ ನಡೆದ. ಅಲ್ಲಿಂದ ಬಾಗಿಲಿನವರೆಗೆ ಬಂದ. ಮತ್ತೆ ಕಿಟಕಿಯ ಕಡೆಗೆ ತಿರುಗಿ, "ಸೆರೆಮನೆಯಿಂದ ರೋಮಿನವನೊಬ್ಬನನ್ನು ಕರೆತನ್ನಿ," ಎಂದ.